ನಾಮಿನಿ

ಠೇವಣಿಯನ್ನು ಒಂದು ವರ್ಷಕ್ಕೆ ಇಟ್ಟರೆ, ಸೈಟು ಸಿಕ್ಕ ದಿನ ಮುರಿಯಬೇಕು; ಮುರಿದರೆ ಬಡ್ಡಿಗೆ ಕತ್ತರಿ. ಇಡದೆ ಬಿಟ್ಟರೆ, ಸೈಟೂ ಸಿಗದಿದ್ದರೆ, ಹಣ ಸುಮ್ಮನೆ ಕೊಳೆಯುತ್ತದೆ. ಜಗದೀಶ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದ.

"ಅವಧಿ ಎಷ್ಟು ಬರೀಲಿ ಸರ್?"

ಕೇಳಿದವಳು ಮಧುರಾ. ಹೊನ್ನಾವರದ ಈ ಬ್ಯಾಂಕಿಗೆ ಹೊಸಬಳು, ಅವನಿಗೆ ಹಳೆಯ ವಿದ್ಯಾರ್ಥಿನಿ. ಕಾಲೇಜಿನಲ್ಲಿ ಅವನು ಇಪ್ಪತ್ತಾರು ವರ್ಷಗಳಿಂದ ಅರ್ಥಶಾಸ್ತ್ರ ಕಲಿಸುತ್ತಿದ್ದ. ಉಳಿತಾಯವೇ ಬೇರೆ, ಹೂಡಿಕೆಯೇ ಬೇರೆ ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆಯುತ್ತಿದ್ದ.

"ತಡಿ. ಒಂದು ಫೋನ್ ಬರೂದುಂಟು."

ಮಂಕಿಯ ಹತ್ತಿರ ನೌಕರರ ಸಂಘವೊಂದು ಮಾಡಿದ ಬಡಾವಣೆಯಲ್ಲಿ ನಲವತ್ತು ಸೈಟು, ಮುನ್ನೂರು ಅರ್ಜಿ. ಇವತ್ತು ಕುಮಟೆಯಲ್ಲಿ ಸೈಟು ಹಂಚಲು ಚೀಟಿ ಎತ್ತುತ್ತಿದ್ದರು. ಸಿಕ್ಕರೆ ನೇರ ಹೋಗಿ ನೋಡಿಬರೋಣವೆಂದು ಹೆಂಡತಿ ಸುಚಿತಾಳನ್ನೂ ಕರೆತಂದಿದ್ದ. ಈ ಬ್ಯಾಂಕಿನೊಳಗೆ ಅವಳು ಕಾಲಿಟ್ಟದ್ದು ಇದೇ ಮೊದಲು. ಪಕ್ಕದ ಕುರ್ಚಿಯ ತುದಿಯಲ್ಲಿ, ಆಸ್ಪತ್ರೆಯಲ್ಲಿ ಕೂತ ಹಾಗೆ ಕೂತಿದ್ದಳು.

"ಅರ್ಧ ಮ್ಯೂಚುವಲ್ ಫಂಡಿಗೆ ಹಾಕಿ ಸರ್."

"ಮಾರ್ಕೆಟ್ ಬಿದ್ರೆ?"

"ಬಿದ್ದದ್ದು ಏಳ್ತದೆ."

"ಅಲ್ಲಿವರೆಗೆ ನಾವಿರಬೇಕಲ್ಲ."

ಮಧುರಾ ನಕ್ಕಳು. ಸುಚಿತಾ ನಗಲಿಲ್ಲ. ಮಧುರಾ ಪರದೆಯತ್ತ ಬಗ್ಗಿ ಓದಿದಳು. "ನಾಮಿನಿ ಹಾಗೇ ಇರ್ಲಾ ಸರ್? ದುರ್ಗಿ, ತಾಯಿ. ವಯಸ್ಸು ಎಂಬತ್ತೆಂಟು ತೋರಿಸ್ತದೆ."

ಜಗದೀಶ ಮತ್ತೆ ಪೆನ್ನಿನ ಮುಚ್ಚಳ ತೆಗೆದ.

"ಅವ್ರು ತೀರ್ಕಂಡು ಆರು ವರ್ಷ ಆತು," ಎಂದಳು ಸುಚಿತಾ. ದಾರಿ ಕೇಳಿದವರಿಗೆ ದಾರಿ ಹೇಳುವ ದನಿ.

ದುರ್ಗಿ ಹಾಸಿಗೆ ಹಿಡಿದ ಹನ್ನೊಂದು ತಿಂಗಳು ಗಂಜಿ ಕುಡಿಸಿ, ಮೈ ಒರೆಸಿದವಳು ಅವಳೇ.

"ಮರೆತೇಹೋಗಿತ್ತು," ಎಂದ ಜಗದೀಶ.

ಮರೆತಿರಲಿಲ್ಲ. ಅಘನಾಶಿನಿ ಹೊಳೆಯಲ್ಲಿ ಸೊಂಟದ ಮಟ್ಟ ನೀರಿಗಿಳಿದು ಬಳಚು ಚಿಪ್ಪುಮೀನು ಹೆಕ್ಕಿ ಮಾರಿದ ಅವ್ವನ ಮೂವತ್ತು ಸಾವಿರದಿಂದ ಈ ಠೇವಣಿ ಶುರುವಾಗಿತ್ತು. ಆಮೇಲೆ ಸುಚಿತಾಳ ನಾಲ್ಕು ಬಂಗಾರದ ಬಳೆ ಮಾರಿದ ಹಣವೂ ಇದರೊಳಗೆ ಸೇರಿತು. ಪ್ರತಿ ನವೀಕರಣದಲ್ಲೂ ಅವನು 'ಮೊದಲಿನಂತೆ' ಎಂದು ಬರೆದು ಸಹಿ ಹಾಕುತ್ತ ಬಂದ. ಹೆಸರು ಅಳಿಸಿದರೆ ಅವ್ವ ಇನ್ನೊಮ್ಮೆ ಸಾಯುತ್ತಾಳೆ ಎಂದು ತನಗೆ ತಾನೇ ಹೇಳಿಕೊಂಡದ್ದುಂಟು. ಈಗ ಯೋಚಿಸಿದರೆ ಅದೂ ಸುಳ್ಳೆನಿಸಿತು. ತಾನಿಲ್ಲದ ಮೇಲೂ ಸುಚಿತಾ ಎಂಬವಳೊಬ್ಬಳು ಎದ್ದು ಒಲೆ ಹಚ್ಚುತ್ತಾಳೆ ಎಂಬುದು ಅವನಿಗೆ ಒಮ್ಮೆಯೂ ಹೊಳೆದಿರಲಿಲ್ಲ.

"ಮೇಡಂ ಹೆಸರು ಬರೀಲಾ?"

"ಬರಿ, ಬರಿ." ಅವನ ಅವಸರ ಅವನಿಗೇ ಕೇಳಿಸಿತು.

"ಬ್ಯಾಡ," ಎಂದಳು ಸುಚಿತಾ. "ಈಗ ನಾನು ಎದುರಿಗೆ ಕೂತಿದ್ದೆ ಅಂತ ಬರ್ಯೂದು ಬ್ಯಾಡ."

ಆಗಲೇ ಫೋನು ಬಂತು. ಅವನು ಕಂಬದ ಮರೆಗೆ ಹೋಗಿ ಮಾತಾಡಿದ. ಇಪ್ಪತ್ತೇಳನೆಯ ನಂಬರಿನ ಸೈಟು. ಜೋರಾಗಿ ಹೇಳಬೇಕೆಂದು ತಿರುಗಿದ. ಹತ್ತಿರ ಬರುವಷ್ಟರಲ್ಲಿ ದನಿ ಉಡುಗಿತ್ತು.

"ಸಿಕ್ತು."

"ಆತು. ಯಾರ ಹೆಸರಿಗೆ?"

"ಅರ್ಜಿ ನಂದೇ ಇತ್ತಲ್ಲ. ಆಮೇಲೆ ಸೇರಿಸೂಕೆ ಬರ್ತದೆ."

"ಸುಮ್ನೆ ಕೇಳ್ದೆ."

ಠೇವಣಿಯ ಅರ್ಜಿಯನ್ನು ಅವನು ತುಂಬಲಿಲ್ಲ. ನಾಳೆ ಬರುತ್ತೇನೆಂದು ಮಡಚಿ ಜೇಬಿಗೆ ಹಾಕಿಕೊಂಡ.

ಮಂಕಿಯ ಬಸ್ಸು ಶರಾವತಿಯ ಸೇತುವೆ ದಾಟಿತು. ಕಾಸರಕೋಡಿನಲ್ಲಿ ಹದಿನೇಳು ವರ್ಷದ ಹಿಂದೆ ಬಾವಿಯಿದ್ದ ಒಂದು ಜಾಗ ಸುಚಿತಾಳಿಗೆ ಹಿಡಿಸಿತ್ತು. ಬೆಲೆ ಇಳಿಯುತ್ತದೆ, ಕಾಯೋಣ ಎಂದಿದ್ದ. ಈಗ ಅಲ್ಲಿ ಮೂರಂತಸ್ತಿನ ಲಾಡ್ಜು. ಇಲ್ಲಿ ಹಾಯುವಾಗಲೆಲ್ಲ ಅವಳು ಕತ್ತು ತಿರುಗಿಸಿ ನೋಡುತ್ತಿದ್ದಳು. ಆ ನೋಟ ಅವನನ್ನು ಚುಚ್ಚುತ್ತಿತ್ತು. ಇವತ್ತು ನೋಡಲಿಲ್ಲ. ನೋಡಿದ್ದರೆ ಒಳ್ಳೆಯದಿತ್ತು.

"ಸಿಟ್ಟು ಬಂತನೇ?" ಎಂದು ಕೇಳಿದ.

"ಎಂತಕೆ?"

ಅವನ ಬಳಿ ಉತ್ತರವಿತ್ತು. ಕಂಡಕ್ಟರ್ ಮಂಕಿ ಎಂದು ಕೂಗಿದ.

ಗುಡ್ಡವನ್ನು ಕಡಿದು ಸಪಾಟು ಮಾಡಿದ್ದರು. ಕೆಂಪು ಜಂಬಿಟ್ಟಿಗೆಯ ನೆಲ, ಒಂದು ಗಿಡವಿಲ್ಲ. ಇಪ್ಪತ್ತೇಳರ ಸುತ್ತ ಸುಣ್ಣದ ಪುಡಿಯ ನಾಲ್ಕು ಗೆರೆ. ಜಗದೀಶ ಒಳಗೆ ಹೋಗಿ ಹೆಜ್ಜೆ ಹಾಕಿ ಅಳೆದ. ಸುಚಿತಾ ನಡುವೆ ಬಂದು ನಿಂತಳು.

"ಬಾಗ್ಲು ಯಾವ ಬದಿ ಬರ್ತದೆ?"

ಬಹಳ ವರ್ಷಗಳ ನಂತರ ಅವಳು ಮನೆಯ ಬಗ್ಗೆ ಕೇಳಿದ ಪ್ರಶ್ನೆ. ಏನಾದರೊಂದು ಹೇಳಿದ್ದರೆ ಸಾಕಿತ್ತು.

"ಪೂರ್ವಕ್ಕೆ ಇಡೂದು ಒಳ್ಳೇದು. ಆದ್ರೆ ರಸ್ತೆ ಪಶ್ಚಿಮಕ್ಕುಂಟು. ಪಶ್ಚಿಮಕ್ಕಿಟ್ರೆ ಕಡಲ ಗಾಳಿ... ಯೋಚ್ನೆ ಮಾಡ್ವ."

ಅವಳು ಸೆರಗು ಸಿಕ್ಕಿಸಿಕೊಂಡು ದಕ್ಷಿಣಕ್ಕೆ ಹೊರಟಳು.

"ಅಲ್ಲಿ ಗೋಡೆ ಬರ್ತದೆ," ಎಂದ ಜಗದೀಶ.

ಸುಚಿತಾ ಗೋಡೆಯೊಳಗಿಂದಲೇ ಹಾದು ಹೋದಳು. ಸೀರೆಯ ಅಂಚಿಗೆ ತಾಗಿ ಸುಣ್ಣ ಗೇಣುದ್ದ ಅಳಿಸಿತು. ಹಿಂತಿರುಗದೆ, ಅವಸರವನ್ನೂ ಮಾಡದೆ, ಹೆದ್ದಾರಿಯತ್ತ ಇಳಿಯತೊಡಗಿದಳು.

ಅವನು ಹಿಂದೆ ಹೋಗಬೇಕೆಂದು ಎರಡು ಹೆಜ್ಜೆ ಇಟ್ಟ. ಗೆರೆಯ ಹತ್ತಿರ ಕಾಲು ನಿಂತಿತು. ಮೂಡಣಕ್ಕೆ ತಿರುಗಿದ, ಪಡುವಣಕ್ಕೆ ತಿರುಗಿದ. ಬಿಸಿಲು ನೆತ್ತಿಯ ಮೇಲಿತ್ತು. ಯಾವ ಕಡೆಯಿಂದ ಹೊರಗೆ ಬರಬೇಕೆಂದು ತಿಳಿಯದೆ, ಜಗದೀಶ ಆ ನಾಲ್ಕು ಬಿಳಿ ಗೆರೆಗಳ ನಡುವೆ ನಿಂತೇ ಇದ್ದ.