ಚಕ್ರಕ್ಕೆ ಕೊಟ್ಟ ಕಲ್ಲು

ಮೈಸೂರಿನಿಂದ ಬಾಡಿಗೆ ಕಾರು ತಂದು ಅಂಗಳದಲ್ಲಿ ನಿಲ್ಲಿಸಿದ ನಮ್ಮ ಭಾವ ಶಿವಶಂಕರ ಮೊದಲು ಮಾಡಿದ ಕೆಲಸವೆಂದರೆ ಅದರ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟದ್ದು.

ಆ ಕಲ್ಲಿಗೆ ಒಂದು ಹಿನ್ನೆಲೆ ಇದೆ. ಹೊಗೆಸೊಪ್ಪು ಸಾಗಿಸುವ ನಮ್ಮ ಪಿಕಪ್ ಗಾಡಿಯ ಹ್ಯಾಂಡ್‌ಬ್ರೇಕ್ ಯಾವ ಕಾಲದಲ್ಲೋ ಕೈಕೊಟ್ಟಿತ್ತು. ಅದನ್ನು ರಿಪೇರಿ ಮಾಡಿಸುವ ಬದಲು ಭಾವ ಒಂದು ಒಳ್ಳೆಯ ಕಲ್ಲು ಹುಡುಕಿಕೊಂಡರು. ಕರಿ ಕಲ್ಲು, ಒಂದು ಕಡೆ ಚೂಪು, ಒಂದು ಕಡೆ ದಪ್ಪ. ಹುಣಸೂರಿನ ಮಾರುಕಟ್ಟೆಯಲ್ಲಾಗಲಿ ಹ್ಯಾಂಡ್‌ಪೋಸ್ಟ್ ಎಂಬ ಊರಿನ ಇಳಿಜಾರಿನಲ್ಲಾಗಲಿ, ಗಾಡಿ ನಿಂತ ಕೂಡಲೇ ಕಲ್ಲು ಇಳಿಯುತ್ತದೆ. ಮನೆಯ ಸದಸ್ಯರಲ್ಲಿ ಭಾವ ಪೂರ್ತಿ ನಂಬುವುದು ಅದೊಂದನ್ನೇ.

"ಭಾವ, ಈ ಕಾರಿಗೆ ಕಲ್ಲು ಬೇಡ. ಬ್ರೇಕಿನ ಬಟನ್ ಒತ್ತಿದರೆ ನಿಲ್ಲುತ್ತೆ" ಎಂದೆ.

"ಬಟನ್ ನಂಬ್ಕಂಡು ಬದುಕಕ್ಕಾದದಾ ಲೆಕ್ಚರರಮ್ಮ? ನೀನು ಕಾಲೇಜಲ್ಲಿ ಪಾಠ ಮಾಡು. ಗಾಡಿ ಇಸ್ಯ ನಂಗ್ ಬುಡು."

ಮರುದಿನ ಬೆಂಗಳೂರಿಗೆ ಹೋಗಬೇಕಿತ್ತು. ಭಾವನ ಮಗಳು ಕಾವ್ಯಶ್ರೀಗೆ ಅಲ್ಲಿಂದ ಒಂದು ಸಂಬಂಧ ಬಂದಿತ್ತು. ಹುಡುಗ ತೇಜಸ್, ಅವನ ತಂದೆ ಉಮಾಶಂಕರ ಮೂಲತಃ ಪಿರಿಯಾಪಟ್ಟಣದ ಕಡೆಯವರು. ಅವರು ಬಂದು ಹುಡುಗಿಯನ್ನು ನೋಡಿ ಒಪ್ಪಿ ಹೋಗಿದ್ದರು. ಈಗ ನಾವು ಅವರ ಮನೆ ನೋಡುವ ಶಾಸ್ತ್ರ. ಹುಣಸೂರಿನಿಂದ ಬಸ್ಸಿಗೇನೂ ಕೊರತೆಯಿಲ್ಲ. ಆದರೆ ಬಸ್ಸಿಳಿದು ಆಟೋ ಹತ್ತಿ ಬೀಗರಾಗುವವರ ಮನೆಗೆ ಹೋಗುವುದು ಭಾವನ ಘನತೆಗೆ ಒಗ್ಗಲಿಲ್ಲ. ಪಿಕಪ್ಪಿನಲ್ಲಿ ಹೋದರೆ ಮೂರು ತಲೆಮಾರಿನ ಹೊಗೆಸೊಪ್ಪಿನ ವಾಸನೆ ಜೊತೆಗೆ ಬರುತ್ತದೆ. ಟ್ಯಾಕ್ಸಿ ಮಾಡೋಣವೆಂದರೆ ಅದಕ್ಕೂ ಅಡ್ಡಿ: "ಡ್ರೈವರ್ ಇದ್ರೆ ಬಾಯ್ ಬುಡ್ತಾನೆ ಕಣಮ್ಮ. ನಾವೇ ಓಡ್ಸುದ್ರೆ ನಮ್ದೇ ಅಂತಾರೆ. ಯಾರಾರ ಕೇಳುದ್ರೆ ನಮ್ದೇ ಅನ್ನಿ, ಗೊತ್ತಾಯ್ತಾ?"

ನಾನು ಸುಮ್ಮನೆ ನಂಬರ್ ಪ್ಲೇಟ್ ತೋರಿಸಿದೆ. ಕಪ್ಪು ಹಲಗೆಯ ಮೇಲೆ ಹಳದಿ ಅಕ್ಷರ. ನಾವೇ ಓಡಿಸುವ ಬಾಡಿಗೆ ಕಾರಿಗೆ ಮಾತ್ರ ಹಾಗಿರುತ್ತದೆ, ಬೆಂಗಳೂರಿನಲ್ಲಿ ಅದು ಸ್ಕೂಲಿಗೆ ಹೋಗುವ ಮಕ್ಕಳಿಗೂ ಗೊತ್ತು ಎಂದೆ. ಭಾವ ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡರು. ಆಮೇಲೆ ಅವರ ಮುಖ ಅರಳಿತು, ಹೆಂಡತಿಯನ್ನು ಕೂಗಿದರು.

"ಯಶೋದಾ, ಸೇವಂತಿಗೆ ಹಾರ ಎರಡು ಕಟ್ಸು. ದಪ್ಪಗಿರ್ಲಿ. ಪೂಜೆ ಮಾಡಿರೋ ಗಾಡಿ ಅಂದ್ರೆ ಯಾರೂ ಹೂವ ಎತ್ತಿ ನೋಡಕಿಲ್ಲ."

ಹೊರಡುವ ಬೆಳಿಗ್ಗೆ ಕಾವ್ಯಶ್ರೀ ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋದಳು. ಬಿ.ಎಡ್. ಓದುತ್ತಿರುವ ಹುಡುಗಿ. ಅತ್ತು ಕರೆಯುವವಳಲ್ಲ.

"ಚಿಕ್ಕಮ್ಮ, ಅಪ್ಪ ಟೈಲ್ಸ್ ನೋಡ್ತಾರೆ. ಅಮ್ಮ ದೇವರ ಮನೆ ನೋಡ್ತಾಳೆ. ಮನುಷ್ಯರನ್ನ ನೀವು ನೋಡ್ಕೊಂಡು ಬನ್ನಿ. ನೀವು ಹೂಂ ಅಂದ್ರೆ ಹೂಂ. ಬೇಡ ಅಂದ್ರೆ ನಾನು ಅಪ್ಪನ ಹತ್ರ ಜಗಳ ಆಡ್ತೀನಿ."

ಗ್ಯಾಸ್ ಆರಿಸಿದ್ದೇನಾ ಎಂದು ಎರಡೆರಡು ಸಲ ಹಿಂದಿರುಗಿ ನೋಡುವ ಹೆಂಗಸಿಗೆ ಇಂಥ ಭಾರ ಹೊರಿಸಬಾರದು. ಹೂಂ ಎಂದೆ.

ಅಂಗಳದಲ್ಲಿ ಇನ್ನೊಂದು ಸಮಸ್ಯೆ ಎದ್ದಿತ್ತು. ಭಾವನ ತಮ್ಮ, ಅಂದರೆ ನನ್ನ ಗಂಡ, ಹೊಗೆಸೊಪ್ಪಿನ ಹರಾಜಿಗೆ ಹೋಗಲೇಬೇಕಾಗಿ ಬಂದು, ಹೊರಡುವವರು ಮೂವರೇ ಉಳಿದಿದ್ದೆವು. ಶುಭಕಾರ್ಯಕ್ಕೆ ಮೂರು ಜನ ಹೋಗುವುದುಂಟೇ? ಯಶೋದಕ್ಕ ಬಾಗಿಲಲ್ಲೇ ನಿಂತುಬಿಟ್ಟರು. ಭಾವ ಚಕ್ರದ ಕಲ್ಲನ್ನು ಎತ್ತಿ, ಗೋಣಿಚೀಲದಲ್ಲಿ ಸುತ್ತಿ, ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂರಿಸಿದರು.

"ತಗಳಪ್ಪ, ನಾಕಾಯ್ತು. ಗಾಡಿ ಅತ್ತು."

ಅಕ್ಕ ಕಲ್ಲಿಗೂ ಒಂದು ಬೊಟ್ಟು ಕುಂಕುಮ ಇಟ್ಟು ಹತ್ತಿದರು. ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು ಪಚಕ್ಕೆಂದವು.

ಕಾರು ಗೇರನ್ನು ತಾನೇ ಬದಲಾಯಿಸಿಕೊಳ್ಳುವಂಥದು, ಕ್ಲಚ್ ಇರಲಿಲ್ಲ. ಭಾವನ ಎಡಗಾಲಿಗೆ ಮಾತ್ರ ಈ ಸುದ್ದಿ ಮುಟ್ಟಿರಲಿಲ್ಲ. ಹಂಪ್ ಬಂದಾಗಲೆಲ್ಲ ಅದು ಕ್ಲಚ್ ಹುಡುಕಿಕೊಂಡು ಹೋಗಿ ಬ್ರೇಕನ್ನು ತುಳಿಯುತ್ತಿತ್ತು. ಮೂವರೂ ಒಟ್ಟಿಗೆ ಮುಂದಕ್ಕೆ ಬಾಗಿ ನಮಸ್ಕಾರ ಮಾಡುತ್ತಿದ್ದೆವು. ಕಲ್ಲು ಎರಡು ಸಲ ನನ್ನ ಕಾಲ ಮೇಲೆ ಬಿತ್ತು. ಹೆದ್ದಾರಿಯಲ್ಲಿ ಭಾವ ಬಲಗಡೆಯ ಸಾಲು ಹಿಡಿದು, ದನ ಹೊಡೆದುಕೊಂಡು ಹೋಗುವ ನಿಧಾನದಲ್ಲಿ ಸಾಗಿದರು. ಹಿಂದಿನವರು ಹಾರ್ನ್ ಹೊಡೆದರೆ ಕಿಟಕಿಯಿಂದ ಕೈ ಹೊರಹಾಕಿ ಮುಂದೆ ಹೋಗುವಂತೆ ಅಪ್ಪಣೆ ಕೊಡುತ್ತಿದ್ದರು. ಮೊಬೈಲಿನ ಮ್ಯಾಪ್ ಹೆಂಗಸಿನ ದನಿಯಲ್ಲಿ ಇಂಗ್ಲಿಷಿನಲ್ಲಿ ದಾರಿ ಹೇಳಿದರೆ, "ಆಯ್ತು ಕಣವ್ವ, ಓಯ್ತೀನಿ" ಎಂದು ಮರ್ಯಾದೆಯಿಂದ ಉತ್ತರಿಸಿ ನೇರ ಹೋಗಿಬಿಡುತ್ತಿದ್ದರು. ಅದೂ ಸಾಕಾಗಿ ಕೊನೆಗೆ ಸುಮ್ಮನಾಯಿತು.

ಕೆಂಗೇರಿಯಲ್ಲಿ ಕಾಫಿಗೆ ನಿಲ್ಲಿಸಿ ಹಾರಗಳನ್ನು ಕಟ್ಟಿದರು, ಮುಂದೊಂದು, ಹಿಂದೊಂದು. ಪೊಲೀಸ್ ಹಿಡಿದರೆ ಎಂದು ನಾನು ಎರಡು ಕಡೆಯೂ ನೋಡುತ್ತಾ ಕಾಫಿ ತಣ್ಣಗೆ ಮಾಡಿಕೊಂಡೆ.

ಉಮಾಶಂಕರ ಅವರ ಬೀದಿ ಸಿಕ್ಕಿತು, ಕಾರು ನಿಲ್ಲಿಸಲು ಜಾಗ ಸಿಗಲಿಲ್ಲ. ಪ್ರತಿ ಗೇಟಿಗೂ ನೋ ಪಾರ್ಕಿಂಗ್ ಹಲಗೆ. ಹಲಗೆಯಿಲ್ಲದ ಕಡೆ ಹೂಕುಂಡ, ಕುಂಡವಿಲ್ಲದ ಕಡೆ ಸಿಮೆಂಟ್ ತುಂಬಿದ ಡಬ್ಬ. ಒಂದು ಮನೆಯ ಮುಂದೆ ಕಾಲು ಮುರಿದ ಕುರ್ಚಿಯೊಂದು ರಸ್ತೆಗೆ ತಾನೇ ಒಡೆಯನೆಂಬಂತೆ ಕೂತಿತ್ತು. ಅದೇ ಬೀದಿಯನ್ನು ಸುತ್ತಿ ಸುತ್ತಿ ಬಂದೆವು. ಇಸ್ತ್ರಿ ಗಾಡಿಯವರು ನಮ್ಮನ್ನು ಗುರುತು ಹಿಡಿದು ನಗತೊಡಗಿದರು.

"ನಮ್ಮೂರಲ್ಲಿ ಗಾಡಿ ನಿಲ್ಸಕ್ಕೆ ಯಾವ ನನ್ಮಗನ್ನಾದ್ರೂ ಕೇಳ್ಬೇಕಾ?" ಎಂದು ಭಾವ ಹಲ್ಲು ಕಡಿದರು.

ಕೊನೆಗೆ ಉಮಾಶಂಕರ ಅವರ ಮನೆಯ ಮುಂದೆಯೇ, ಅರ್ಧ ರಸ್ತೆ ಅರ್ಧ ಚರಂಡಿಯ ಚಪ್ಪಡಿ ಸೇರಿಸಿ ನಿಲ್ಲಿಸಿದರು. ಗೋಣಿ ಬಿಚ್ಚಿ ಕಲ್ಲನ್ನು ಹಿಂದಿನ ಚಕ್ರಕ್ಕೆ ಕೊಟ್ಟು ಕೈ ಕೊಡವಿಕೊಂಡರು.

ಆಗ ನನ್ನ ಕಣ್ಣಿಗೆ ಅದು ಬಿತ್ತು. ಗೇಟಿನೊಳಗೆ, ಮನೆಯ ಕೆಳಗೆ, ಒಂದು ಕಾರು ನಿಲ್ಲುವಷ್ಟು ಜಾಗ. ತೊಳೆದು ಒರೆಸಿದ ಟೈಲ್ಸು, ನಾಲ್ಕು ಮೂಲೆಗೆ ರಂಗೋಲಿ, ಹಗಲಲ್ಲೂ ಉರಿಯುವ ದೀಪ. ಪೂರ್ತಿ ಖಾಲಿ. ಅವರದೇ ಸ್ಕೂಟರುಗಳು ಹೊರಗೆ ಬಿಸಿಲಿನಲ್ಲಿ ಹಳೆಯ ಬೆಡ್‌ಶೀಟ್ ಹೊದ್ದು ನಿಂತಿದ್ದವು. ಮುರಿದ ಕುರ್ಚಿಗೂ ಜಾಗಕ್ಕಾಗಿ ಕಾವಲು ಕೂರಬೇಕಾದ ಬೀದಿಯಲ್ಲಿ ಇದನ್ನೇಕೆ ಖಾಲಿ ಇಟ್ಟಿದ್ದಾರೆ? ಬಂದ ನೆಂಟರಿಗೂ ಏಕೆ ಕೊಡಲಿಲ್ಲ?

ಮೇಲೆ ಉಪಚಾರ ಜೋರಾಗಿತ್ತು. ಭಾವ ಟೈಲ್ಸ್ ಮುಟ್ಟಿ ನೋಡಿದರು, ಅಕ್ಕ ದೇವರ ಮನೆಗೆ ಕೈಮುಗಿದರು. ನಾನು ಮನುಷ್ಯರನ್ನು ನೋಡಿದೆ. ತೇಜಸ್ ನಯವಾಗಿ ಮಾತಾಡುವ ಹುಡುಗ, ಮಾತಿನ ನಡುವೆ ಕಿಟಕಿಯಿಂದ ಕೆಳಗೆ ಇಣುಕುತ್ತಿದ್ದ. ಅವನ ತಾಯಿ ನೀಲಾಂಬಿಕೆ ಒಬ್ಬಟ್ಟು ಬಡಿಸುತ್ತಲೇ ವಿಚಾರಿಸಿಕೊಂಡರು.

"ಕಾರು ಈಚೆಗೆ ತಗೊಂಡ್ರಾ?"

"ಮೊನ್ನೆ ಮೊನ್ನೆ" ಎಂದರು ಭಾವ.

"ನಮ್ಮ ಕಾವ್ಯಶ್ರೀಗೆ ಟೀಚರ್ ಆಗಬೇಕು ಅಂತ ತುಂಬ ಆಸೆ" ಎಂದೆ ನಾನು.

"ಒಳ್ಳೇದು, ಒಳ್ಳೇದು. ಬಿಳೀ ಕಾರೇ ತಗೊಂಡ್ರಲ್ಲ, ಅದೂ ಒಳ್ಳೇದಾಯ್ತು. ಬಿಸಿಲಿಗೆ ತಂಪು."

ಊಟವಾದ ಮೇಲೆ ಉಮಾಶಂಕರ ಎಲೆಯಡಿಕೆ ತಟ್ಟೆ ಮುಂದೆ ತಳ್ಳಿ, ಅಳೆದು ತೂಗಿದ ಬೆಂಗಳೂರು ಕನ್ನಡದಲ್ಲಿ ಶುರುಮಾಡಿದರು.

"ಕೆಳಗಡೆ ಪಾರ್ಕಿಂಗ್ ನೋಡಿದ್ರಲ್ಲ? ಮನೆ ಕಟ್ಟಿಸಿದಾಗಿಂದ ಹಾಗೇ ಬಿಟ್ಟಿದೀವಿ. ಬಾಡಿಗೆಗೆ ಎಷ್ಟು ಜನ ಕೇಳಿದ್ರು, ಕೊಡ್ಲಿಲ್ಲ. ನೋಡಿ, ನಾವು ಬಾಯಿಬಿಟ್ಟು ಏನೂ ಕೇಳೋ ಪೈಕಿ ಅಲ್ಲ. ಹುಡುಗಿ ಬರುವಾಗ ತವರಿನವರು ಪ್ರೀತಿಯಿಂದ ಏನು ಜೊತೆಗೆ ಕಳಿಸ್ತಾರೋ ಅದು ನಿಲ್ಲೋಕೆ ಒಂದು ಜಾಗ ಇರಲಿ ಅಂತ, ಅಷ್ಟೇ."

ಎಲೆಗೆ ಸುಣ್ಣ ಹಚ್ಚುತ್ತಿದ್ದ ಅಕ್ಕನ ಬೆರಳು ನಿಂತಿತು. ನಾನು ಭಾವನ ಮುಖ ನೋಡಿದೆ. 'ಅದು ನಮ್ಮದಲ್ಲ' ಎನ್ನಲು ಎಷ್ಟು ಉಸಿರು ಬೇಕು? ಭಾವ ಅಡಿಕೆಯನ್ನು ಕಟುಂ ಎಂದು ಕಡಿದು,

"ಅದ್ಕೇನ್ ಬುಡಿ. ಇರೋಳು ಒಬ್ಳು ಮಗ್ಳು" ಎಂದುಬಿಟ್ಟರು.

ಆ ಕ್ಷಣಕ್ಕೆ ನನಗೆ ಮುಂದಿನದೆಲ್ಲ ಕಾಣಿಸಿತು. ಬಾಡಿಗೆ ಎಂದು ಒಪ್ಪಿಕೊಳ್ಳುವುದಕ್ಕಿಂತ ನಾಲೆ ಪಕ್ಕದ ಗದ್ದೆ ಮಾರಿ ಇಂಥದೇ ಬಿಳಿ ಕಾರು ತರುವುದು ಭಾವನಿಗೆ ಸುಲಭ. ಅದನ್ನು ಆ ಟೈಲ್ಸಿನ ಮೇಲೆ ನಿಲ್ಲಿಸುತ್ತಾರೆ, ಅದರ ಹಿಂದೆ ನಮ್ಮ ಹುಡುಗಿಯನ್ನು. ಮನೆಗೆ ಹೋಗಿ ನಾನು ಬೇಡ ಎಂದರೆ 'ಮಾತು ಕೊಟ್ಟಾಗಿದೆ' ಎಂದು ಭಾವ ಎದೆಯುಬ್ಬಿಸಿ ನಿಲ್ಲುತ್ತಾರೆ. ಕಾವ್ಯಶ್ರೀ ಜಗಳ ಆಡುತ್ತಾಳೆ, ಆದರೆ ಗೆಲ್ಲುವುದಿಲ್ಲ. ಭಾವನ ಮರ್ಯಾದೆಯ ಎದುರು ನಮ್ಮ ಮನೆಯಲ್ಲಿ ಈವರೆಗೆ ಯಾರೂ ಗೆದ್ದಿಲ್ಲ.

"ಒಂದ್ಸಲ ಒಳಗೆ ಹಾಕಿ ನೋಡೋಣ್ವಾ ಅಂಕಲ್? ಹಿಡಿಯುತ್ತಾ ಅಂತ" ಎಂದು ತೇಜಸ್ ಎದ್ದು ಕೈಚಾಚಿದ. ಭಾವ ಕೀ ಕೊಟ್ಟರು.

ಎಲ್ಲರೂ ಕೆಳಗಿಳಿದೆವು. ತೇಜಸ್ ಹಿಮ್ಮುಖವಾಗಿ ತೆಗೆಯಲು ಹೋದ. ಕಾರು ಗುರುಗುಟ್ಟಿತೇ ಹೊರತು ಕದಲಲಿಲ್ಲ. "ತಡ್ಯಪ್ಪ, ಕಲ್ಲು ಕಲ್ಲು!" ಎಂದು ಭಾವ ಓಡಿಹೋಗಿ ಎಳೆದು ಗೇಟಿನೊಳಗೆ ಗೋಡೆಬದಿಗೆ ಇಟ್ಟರು. ಉಮಾಶಂಕರ ನಿಂತು "ಬಾ, ಬಾ, ಬಾ, ಲೆಫ್ಟು, ಹಾಂ" ಎಂದು ಕೈ ಬೀಸಿದರು. ಕಾರು ಹಿಮ್ಮುಖವಾಗಿ ಒಳಗೆ ಹೋಗಿ, ರಂಗೋಲಿಯ ನಡುವೆ, ಮೂತಿ ನಮ್ಮ ಕಡೆ ಮಾಡಿ ನಿಂತಿತು.

"ಅಳತೆ ಕೊಟ್ಟು ಹೊಲಿಸಿದ ಹಾಗಿದೆ!" ಎಂದು ನೀಲಾಂಬಿಕೆ ಮೇಲಕ್ಕೆ ಓಡಿ ಆರತಿ ತಟ್ಟೆ ತಂದರು. ಹುಡುಗಿ ನೋಡಲು ನಮ್ಮ ಮನೆಗೆ ಬಂದಾಗ ಆಕೆಯ ಮುಖ ಇಷ್ಟು ಅರಳಿದ್ದು ನನಗೆ ನೆನಪಿಲ್ಲ. ಬಾನೆಟ್ಟಿಗೆ ಅರಿಶಿನ ಹಚ್ಚಿದರು, ಕುಂಕುಮ ಇಟ್ಟರು. ಕಣ್ಣಿಗೆ ಒತ್ತಿಕೊಂಡರು. ಬೇರೆಯವರ ಕಾರಿಗೆ.

ಭಾವನ ಕಣ್ಣು ಸೇವಂತಿಗೆ ಹಾರದ ಮೇಲೇ ನೆಟ್ಟಿತ್ತು. ಹಾರವೂ ಸುಸ್ತಾಗಿತ್ತು. ಹಿಂದಿನ ದಿನ ಕಟ್ಟಿದ್ದು, ದಾರಿಯ ಬಿಸಿಲು ತಿಂದಿದ್ದು. ಅಂಚುಗಳು ಕಂದಿದ್ದವು.

ನಾನು ಮಾತು ಹುಡುಕಿದೆ. ಸುಳ್ಳಾಗಬಾರದು, ಚಾಡಿಯೂ ಆಗಬಾರದು.

"ಹಾರ ಬಾಡಿಹೋಗಿದೆ ಅಮ್ಮ" ಎಂದೆ. "ಒಳ್ಳೆ ಕೆಲಸದಲ್ಲಿ ಬಾಡಿದ ಹೂವು ಯಾಕೆ? ಹೊಸದು ಇದ್ದರೆ ಹಾಕಿಬಿಡಿ."

"ಅಯ್ಯೋ, ಹೌದಲ್ಲ! ಫ್ರಿಜ್ಜಲ್ಲಿ ಮಲ್ಲಿಗೆ ಇದೆ. ತೇಜು, ತಗೊಂಡ್ಬಾರೋ."

"ಇರ್ಲಿ ಬುಡಿ, ಇರ್ಲಿ ಬುಡಿ. ಚೆನ್ನಾಗೇ ಅದೆ" ಎಂದು ಭಾವ ಅಡ್ಡ ಬಂದರು. ಅಷ್ಟರಲ್ಲಿ ಆಕೆ ಬಗ್ಗಿ ಹಾರ ಬಿಚ್ಚಿದ್ದರು.

ಕಪ್ಪು ಹಲಗೆ, ಹಳದಿ ಅಕ್ಷರ. ಆ ದೀಪದ ಬೆಳಕಿನಲ್ಲಿ ಇನ್ನೂ ಚೆನ್ನಾಗಿ ಕಾಣುತ್ತಿತ್ತು.

"ಸೆಲ್ಫ್ ಡ್ರೈವ್ ಗಾಡಿ ಇದು. ಬಾಡಿಗೇದು" ಎಂದ ತೇಜಸ್. 'ಅಂಕಲ್' ಎನ್ನುವ ಅವನ ನಯವೆಲ್ಲ ಅಲ್ಲಿಗೆ ಮುಗಿಯಿತು.

ಉಮಾಶಂಕರ ಅವರ ಬೆಂಗಳೂರು ಕನ್ನಡವೂ ಮುಗಿಯಿತು. "ಏನ್ರೀ ಇದು? ಬಾಡ್ಗೆ ಗಾಡಿಗ್ ಹೂವ ಮುಚ್ಕಂಡು ಬಂದು ನಮ್ಗೇ ನಾಮ ಆಕಕ್ಕೆ ನೋಡ್ತೀರಾ?"

"ನಾಮ ಯಾಕ್ರೀ ಆಕಾನ? ನಿಮ್ಗೆ ಕೊಡ್ತೀನಿ ಅಂತ ತಂದಿದ್ನಾ? ಮನೆ ನೋಡಕ್ ಬಂದೋರ ಗಾಡಿ ಯಾಕ್ರೀ ಒಳೀಕ್ ಎಳ್ಕಂಡ್ರಿ?"

"ಇರೋಳು ಒಬ್ಳು ಮಗ್ಳು ಅಂದೋರ್ಯಾರು?"

"ಒಬ್ಳೇ ಕಣ್ರೀ! ಅದ್ರಲ್ಲಿ ಸುಳ್ಳೇನದೆ?"

ಒಬ್ಬರು ಬೇರೆಯವರ ಕಾರನ್ನು ತಮ್ಮದೆಂದು ತಂದವರು, ಇನ್ನೊಬ್ಬರು ಬೇರೆಯವರ ಕಾರಿಗೆ ಆರತಿ ಎತ್ತಿಸಿದವರು. ಇಬ್ಬರೂ ಮೋಸ ಹೋದವರ ದನಿಯಲ್ಲಿ ಕೂಗಾಡುತ್ತಿದ್ದರು. ನಾನು ನೋಡುತ್ತಿದ್ದದ್ದು ನೀಲಾಂಬಿಕೆಯನ್ನು. ಆಕೆ ಸೆರಗಿನ ತುದಿಯಿಂದ ಬಾನೆಟ್ಟಿನ ಕುಂಕುಮವನ್ನು ಒರೆಸಿ ತೆಗೆಯುತ್ತಿದ್ದರು. ಅರಿಶಿನ ಬೇಗ ಹೋಗಲಿಲ್ಲ. ಉಗುರಿನಿಂದ ಕೆರೆದರು.

"ಗಾಡಿ ಆಚೆ ತೆಗೀರಿ. ಇದು ಪ್ರೈವೇಟ್ ಪಾರ್ಕಿಂಗ್" ಎಂದು ತೇಜಸ್ ಕೀಯನ್ನು ಭಾವನ ಕೈಗೆ ಹಾಕಿದ.

ವಾಪಸು ಹೊರಟೆವು. ರಾಮನಗರದವರೆಗೂ ಸಿಟ್ಟಿನಲ್ಲಿ ಭಾವನ ಎಡಗಾಲು ಇನ್ನೂ ಚುರುಕಾಗಿತ್ತು, ಮತ್ತೆ ಮತ್ತೆ ನಮಸ್ಕಾರ ಮಾಡಿದೆವು. ಕೊನೆಗೆ ಅಕ್ಕ ತಿರುಗಿ ನನ್ನನ್ನು ನೋಡಿದರು.

"ನೀನ್ಯಾಕವ್ವ ಆ ಹೂವಿನ್ ಮಾತ್ ಎತ್ದೆ?"

"ಬಾಡಿತ್ತಲ್ಲ ಅಕ್ಕ."

ಅಕ್ಕ ನನ್ನ ಮುಖವನ್ನೇ ದಿಟ್ಟಿಸಿದರು. ಆಮೇಲೆ ಅವರ ಕಣ್ಣು ನನ್ನ ಪಕ್ಕದ ಖಾಲಿ ಗೋಣಿಚೀಲಕ್ಕೆ ಹೋಯಿತು.

"ಅಯ್ಯೋ, ಕಲ್ಲು ಅಲ್ಲೇ ಬುಟ್ ಬಂದ್ವಲ್ಲ! ಓಗೋವಾಗ ನಾಕ್ ಜನ, ಬರೋವಾಗ ಮೂರು!"

ಭಾವ ಬ್ರೇಕ್ ತುಳಿದರು. ಈ ಸಲ ಬೇಕೆಂದೇ. ಸಂಬಂಧ ಮುರಿದಾಗ ಕಾಣದ ದುಃಖ ಆ ಮುಖದಲ್ಲಿ ಕಾಣಿಸಿತು. "ಅಂತಾ ಕಲ್ಲು ಇನ್ನೆಲ್ ಸಿಕ್ಕದು? ತಿರುಗ್ಸಾನಾ?" ಎಂದು ಕೇಳಿಯೇಬಿಟ್ಟರು. ಹಿಂದಿನಿಂದ ಲಾರಿಯವನು ಬೈದದ್ದರಿಂದ ಮುಂದಕ್ಕೇ ಹೊರಟೆವು.

ಸಂಜೆ ಅಂಗಳಕ್ಕೆ ಬಂದಾಗ ಕಾವ್ಯಶ್ರೀ ಮನೆಯ ಬಾಗಿಲಲ್ಲಿ ನಿಂತಿದ್ದಳು. ಅಪ್ಪನನ್ನೂ ಅಮ್ಮನನ್ನೂ ಬಿಟ್ಟು ನನ್ನನ್ನೇ ನೋಡಿದಳು.

"ಬೇಡ" ಎಂದೆ. "ಆ ಮನೆಯಲ್ಲಿ ಕಾರಿಗೆ ಜಾಗ ಮಾಡಿ ಇಟ್ಟಿದ್ದಾರೆ. ನಿನ್ನ ಬಗ್ಗೆ ಒಂದು ಮಾತೂ ಕೇಳಲಿಲ್ಲ."

ಅವಳು ಹೂಂ ಎಂದಳು. ಜಗಳಕ್ಕೆ ತಯಾರಾಗಿ ಅಪ್ಪನ ಕಡೆ ತಿರುಗಿದಳು. ಭಾವ ಆಗಲೇ ಕಾರಿಂದಿಳಿದು ಹಿಂದಿನ ಚಕ್ರದ ಹತ್ತಿರ ಬಗ್ಗಿ, ಬರಿಗೈಯಲ್ಲಿ ಅತ್ತಿತ್ತ ಹುಡುಕುತ್ತಿದ್ದರು.

"ಕಲ್ಲೆಲ್ಲಪ್ಪ?" ಎಂದಳು.

"ಅವ್ರ ಮನೇಲದೆ."

"ಅಲ್ಲೇ ಇರ್ಲಿ ಬುಡಪ್ಪ. ಅಷ್ಟ್ ದಿನದಿಂದ ಜಾಗ ಖಾಲಿ ಇಟ್ಕಂಡವ್ರೆ, ಪಾಪ."

ಅವಳು ಒಲೆಯ ಪಕ್ಕದಿಂದ ಒಂದು ಅರ್ಧ ಇಟ್ಟಿಗೆ ತಂದು ಚಕ್ರದ ಕೆಳಗೆ ಕಾಲಿಂದ ಒತ್ತಿ ಕೊಟ್ಟಳು. ಭಾವ ಬ್ರೇಕಿನ ಬಟನ್ ಒತ್ತಿದ್ದಾರಾ ಎಂದು ನಾನು ಕಾರಿನೊಳಗೆ ಇಣುಕಿದೆ. ಒತ್ತಿರಲಿಲ್ಲ.