ಬಿದ್ದದ್ದು ನೆನಪಿರದವಳು

ಹಂಸಾ ಸೈಕಲ್ಲಿನಿಂದ ಬಿದ್ದು ಒಂಬತ್ತು ವರ್ಷವಾಗಿತ್ತು. ಬಿದ್ದದ್ದು ಮಾತ್ರ ಅವಳಿಗೆ ನೆನಪಿರಲಿಲ್ಲ.

ಸಂಡೂರಿನ ಗುಡ್ಡಗಳಲ್ಲಿ ಅಣ್ಣಂದಿರ ಹಿಂದೆ ಸೈಕಲ್ ಇಳಿಸುತ್ತ ಬೆಳೆದವಳು ಅವಳು. ಮುಂದೆ ಗುಡ್ಡದ ನೆತ್ತಿಯಿಂದ ಕಲ್ಲು, ಬೇರು, ಕೊರಕಲು ಯಾವುದನ್ನೂ ಲೆಕ್ಕಿಸದೆ ಬುಡಕ್ಕೆ ಧುಮುಕುವ ಡೌನ್‌ಹಿಲ್ ರೇಸುಗಳಲ್ಲಿ ಹೆಸರು ಮಾಡಿದಳು. ಕೊನೆಯ ರೇಸಿನಲ್ಲಿ ನೆತ್ತಿಯಿಂದ ಹೊರಟದ್ದು ನೆನಪಿದೆ; ಆಮೇಲೆ ಆಸ್ಪತ್ರೆಯ ಬಿಳಿ ಚಾವಣಿ ನೆನಪಿದೆ. ನಡುವಿನದನ್ನು ಯಾರೋ ಕತ್ತರಿಯಿಂದ ಕತ್ತರಿಸಿ ತೆಗೆದ ಹಾಗಿತ್ತು. ಸೊಂಟದ ಮೂಳೆ ಮುರಿದಿತ್ತು, ತಲೆಗೂ ಪೆಟ್ಟಾಗಿತ್ತು. ಮತ್ತೆ ನೆಟ್ಟಗೆ ನಡೆಯುವ ಹೊತ್ತಿಗೆ ವರ್ಷ ಉರುಳಿತು. ರೇಸು ಅಲ್ಲಿಗೆ ಮುಗಿಯಿತು. ಗಂಡ ನಂದನನಿಗೆ ವಿಶಾಖಪಟ್ಟಣದ ಕಾರ್ಖಾನೆಯಲ್ಲಿ ಎಂಜಿನಿಯರ್ ಕೆಲಸ ಸಿಕ್ಕಿದಾಗ ಇಬ್ಬರೂ ಅಲ್ಲಿನ ಗಾಜುವಾಕಕ್ಕೆ ಬಂದು ನೆಲೆಸಿದರು. ಹಂಸಾ ಅಲ್ಲೇ ಒಂದು ಆಸ್ಪತ್ರೆಯಲ್ಲಿ, ಮೂಳೆ ಮುರಿದುಕೊಂಡವರಿಗೆ ಮತ್ತೆ ನಡೆಯಲು ಕಲಿಸುವ ಕೆಲಸ ಹಿಡಿದಳು.

ಈ ಜನವರಿಯಲ್ಲಿ ವಿಜಯವಾಡದಿಂದ ಉಷಶ್ರೀ ಫೋನ್ ಮಾಡಿದಳು. ಹಿಂದೆ ಪ್ರತಿ ರೇಸಿನಲ್ಲೂ ಹಂಸಾಳ ಬೆನ್ನಿಗೇ ಎರಡನೆಯವಳಾಗಿ ಬರುತ್ತಿದ್ದವಳು ಅವಳು. ಈಗ ಅವಳೇ ರೇಸುಗಳನ್ನು ಏರ್ಪಡಿಸುತ್ತಿದ್ದಳು.

"ಹೆಂಗಸರ ವಿಭಾಗಕ್ಕೆ ಮೂವರಾದರೂ ಇರಬೇಕು, ಇಲ್ಲದಿದ್ದರೆ ರದ್ದು," ಎಂದಳು ತೆಲುಗಿನಲ್ಲಿ. "ನಾನಿದ್ದೇನೆ. ನಿಮ್ಮ ಗಾಜುವಾಕದ ಹುಡುಗಿ ಹರ್ಷಿತಾ ಇದ್ದಾಳೆ. ಇನ್ನೊಬ್ಬರು ಬೇಕು. ನೀನು ಸುಮ್ಮನೆ ಇಳಿದು ಬಂದರೂ ಸಾಕು."

ಹರ್ಷಿತಾಳನ್ನು ಹಂಸಾ ಬಲ್ಲಳು. ನಂದನನ ಸಹೋದ್ಯೋಗಿ ಭೀಮಸೇನರ ಮಗಳು, ಕಾಲೇಜು ಓದುತ್ತಿದ್ದಳು. ಎರಡು ವರ್ಷದಿಂದ ಒಬ್ಬಳೇ ಗುಡ್ಡ ಹತ್ತಿಳಿಯುತ್ತಿದ್ದಳು. ಸ್ಪರ್ಧಿಸಲು ಮಾತ್ರ ಅವಳಿಗೆ ಇನ್ನೂ ಒಂದು ರೇಸು ಸಿಕ್ಕಿರಲಿಲ್ಲ. ಮಾರನೆಯ ದಿನವೇ ಅವಳು ಬಾಗಿಲಲ್ಲಿ ನಿಂತು, ಅರ್ಧ ತೆಲುಗು ಬೆರೆತ ಕನ್ನಡದಲ್ಲಿ ಗೋಗರೆದಳು.

"ಆಂಟಿ, ಪ್ಲೀಸ್ ಅಂಡಿ. ನೀವು ಬರ್ಲಿಲ್ಲ ಅಂದ್ರೆ ನಂದು ಎಲ್ಲಾ ವೇಸ್ಟ್ ಆಗ್ಪೋತದೆ."

ಹಂಸಾಳಿಗೆ ನಗು ಬಂತು. "ಬರ್ತೀನಿ ಬಿಡವ್ವ. ಮೊದ್ಲು ನಿನ್ನ ಕನ್ನಡಕ್ಕ ಬ್ರೇಕ್ ಹಾಕು."

ಸಂಜೆ ನಂದನನಿಗೆ ಹೇಳಿದಾಗ ಅವನು ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಗೆಲ್ಲಾಕ ಹೊಂಟಿಲ್ಲ ಮಾರಾಯ. ಲೆಕ್ಕಕ್ಕ ಒಬ್ಬಾಕಿ ಬೇಕಂತ, ಅಷ್ಟೇ."

"ಬೇಡ ಅಂದ್ರೆ ಕೇಳ್ತೀಯಾ?"

"ಬೇಡ ಅನ್ನು, ನೋಡೋಣು."

ಅವನು ಬೇಡ ಎನ್ನಲಿಲ್ಲ. ಅನ್ನಕ್ಕೆ ಇನ್ನಷ್ಟು ಮಜ್ಜಿಗೆ ಸುರಿದುಕೊಂಡ. ಮಲಗುವ ಮುನ್ನ, "ನಾನೂ ಬರ್ತೀನಿ," ಎಂದ.

ಹತ್ತಿರದ ದುವ್ವಾಡದಲ್ಲಿ ರೈಲು ಹತ್ತಿ, ಬಿಚ್ಚಿದ ಸೈಕಲ್ಲುಗಳನ್ನು ಸೀಟಿನಡಿ ತುರುಕಿ, ಮೂವರೂ ವಿಜಯವಾಡಕ್ಕೆ ಹೋದರು. ಭವಾನಿಪುರಂನಲ್ಲಿ, ಕೃಷ್ಣೆಯ ಗಾಳಿ ನೇರ ನುಗ್ಗುವ ಉಷಶ್ರೀಯ ಮನೆಯಲ್ಲಿ ಇಳಿದುಕೊಂಡರು. ಮರುದಿನ ಊರಾಚೆಯ ಗುಡ್ಡದಲ್ಲಿ ಅಭ್ಯಾಸ. ದಾರಿಯ ನಡುವೆ ಆನೆ ಬೆನ್ನಿನಂಥ ಒಂದು ಬಂಡೆ. ಅದರ ಅಂಚಿನಿಂದ ಆಳೆತ್ತರ ಕೆಳಕ್ಕೆ ಹಾರಬೇಕು. ಬೇಡವೆನ್ನುವವರಿಗೆ ಎಡಕ್ಕೆ ಸುತ್ತುದಾರಿ ಇತ್ತು: ಹೊತ್ತು ಹೆಚ್ಚು ಹಿಡಿಯುತ್ತದೆ, ಮೂಳೆಗೆ ಕ್ಷೇಮ. ಸುತ್ತುದಾರಿಯಲ್ಲೇ ಹೋಗುತ್ತೇನೆಂದುಕೊಂಡು ಹೊರಟ ಹಂಸಾ ಬಂಡೆಯ ಹತ್ತಿರ ಬರುತ್ತಲೇ ಹಾರಿಬಿಟ್ಟಳು. ಮೈ ತಾನಾಗಿ ಹಿಂದಕ್ಕೆ ವಾಲಿತು, ಮೊಣಕಾಲು ತಾನಾಗಿ ಮಡಿಯಿತು. ಕೆಳಗೆ ಬಂದು ನಿಂತಾಗ ಎದೆ ಡೋಲಿನಂತೆ ಹೊಡೆದುಕೊಳ್ಳುತ್ತಿತ್ತು. ಸುಮ್ಮನೆ ಇಳಿದು ಹೋಗುವುದು ತನ್ನ ಕೈಲಾಗದ ಮಾತೆಂದು ಅವಳಿಗೆ ಅಲ್ಲೇ ತಿಳಿಯಿತು. ನಂದನನಿಗೆ ಮಾತ್ರ ಹೇಳಲಿಲ್ಲ.

ರೇಸಿನ ದಿನ ಎರಡು ಸುತ್ತು. ಎರಡರಲ್ಲಿ ಒಳ್ಳೆಯದು ಯಾವುದೋ ಅದೇ ಲೆಕ್ಕಕ್ಕೆ. ಮೊದಲ ಸುತ್ತಿನಲ್ಲಿ ಹಂಸಾ ಚೆನ್ನಾಗಿಯೇ ಹೊರಟಳು. ತಿರುವು ದಾಟಿ ಬಂಡೆಯ ಮೇಲೇರಿದಳು. ಕೆಳಗೆ ಹಗ್ಗದಾಚೆ ನಿಂತಿದ್ದ ಜನರಲ್ಲಿ ನಂದನ ಕಂಡ. ಉಳಿದವರೆಲ್ಲ ಮೇಲೆ ನೋಡುತ್ತಿದ್ದರು. ಅವನೊಬ್ಬ ಬಂಡೆಯ ಬುಡದ ನೆಲವನ್ನೇ, ಅಲ್ಲಿ ಆಗಲೇ ಏನೋ ಬಿದ್ದಿರುವಂತೆ, ನೋಡುತ್ತ ನಿಂತಿದ್ದ.

ಅವಳ ಕೈ ಎಡಕ್ಕೆ ತಿರುಗಿತು.

ಸುತ್ತುದಾರಿಯಲ್ಲಿ ಬಂದು ಮುಟ್ಟಿದಾಗ ಮೂವರಲ್ಲಿ ಕೊನೆಯವಳಾಗಿದ್ದಳು, ಅದೂ ಬಹಳ ಹಿಂದೆ. ಹೆಲ್ಮೆಟ್ ಕಿತ್ತು ನೆಲಕ್ಕೆ ಕುಕ್ಕಿದಳು. ಲೆಕ್ಕಕ್ಕೆ ಬಂದವಳಿಗೆ ಇಷ್ಟು ಸಿಟ್ಟೇಕೆ ಎಂದು ತನಗೇ ಅಚ್ಚರಿಯಾಯಿತು. ನಂದನ ನೀರಿನ ಬಾಟಲಿ ಹಿಡಿದು ಬಂದ. ಅವನ ಮುಖದಲ್ಲಿದ್ದ ಸಮಾಧಾನ ಕಂಡು ಸಿಟ್ಟು ಇನ್ನೂ ಏರಿತು.

"ಅಲ್ಲಿ ಯಾಕ ನಿಂತಿದ್ದಿ? ಹೆಣ ಕಾಯೋರ ಹಾಂಗ?"

ನಂದನ ಹುಣಸೆ ಮರದ ನೆರಳಿಗೆ ಹೋಗಿ ಕೂತ. ಹಂಸಾ ಹಿಂದೆಯೇ ಹೋದಳು.

"ನಿನಗೆ ಬಿದ್ದದ್ದು ನೆನಪಿಲ್ಲ," ಎಂದ ಅವನು. "ನನಗಿದೆ."

ಹಂಸಾ ನಿಂತೇ ಇದ್ದಳು. ಇಷ್ಟು ವರ್ಷ ಒಂದೇ ಮನೆಯಲ್ಲಿ ಬಾಳಿದ್ದರು. ಆವತ್ತು ಏನಾಯಿತೆಂದು ಅವಳು ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಬಿದ್ದವಳು ತಾನು, ಆದ್ದರಿಂದ ನೋವೆಲ್ಲ ತನ್ನದೇ ಎಂದುಕೊಂಡಿದ್ದಳು.

"ಹೇಳು," ಎಂದು ಅವನ ಪಕ್ಕ ಕೂತಳು.

ಅವನು ಹೇಳಿದ. ಮುಂದಿನ ಚಕ್ರ ಕಲ್ಲಿನ ಸಂದಿಗೆ ಸಿಕ್ಕಿದ್ದು. ಅವಳು ಗಾಳಿಯಲ್ಲಿ ಒಮ್ಮೆ ಪೂರ್ತಿ ತಿರುಗಿದ್ದು. ಬಿದ್ದ ಮೇಲೆ ಸೈಕಲ್ಲೂ ಬಂದು ಅವಳ ಮೇಲೆಯೇ ಕವುಚಿದ್ದು. "ನೀನು ಕಣ್ಣು ಬಿಟ್ಟಿದ್ದೆ ಕಣೆ. ನನ್ನನ್ನೇ ನೋಡ್ತಿದ್ದೆ. ಆದ್ರೆ ನೋಡ್ತಿರಲಿಲ್ಲ. ನಾನು ಹೆಸರು ಹಿಡಿದು ಕೂಗ್ತಾನೇ ಇದ್ದೆ. ಆಂಬುಲೆನ್ಸಿನಲ್ಲಿ ನೀನು ಮೊದಲು ಕೇಳಿದ್ದು ಏನು ಗೊತ್ತಾ? 'ಯಾರು ಗೆದ್ರು?' ಅಂತ. ನಾನು ಯಾರು ಅಂತ ನಿನಗೆ ಆಗ ಗೊತ್ತಿರಲಿಲ್ಲ."

ಹಂಸಾ ಅವನ ಕೈ ಹಿಡಿದು ಕೂತಳು. ಒಂಬತ್ತು ವರ್ಷ ಅವನೊಬ್ಬನೇ ಹೊತ್ತಿದ್ದ ಭಯ ಈಗ ಅವಳಿಗೂ ಸಿಕ್ಕಿತ್ತು.

ಎರಡನೆಯ ಸುತ್ತಿಗೆ ಕರೆ ಬಂತು. "ಹೋಗ್ಲೇನು?" ಎಂದು ಕೇಳಿದಳು. ಗಂಡನನ್ನು ಅವಳು ಇಂಥ ಮಾತು ಕೇಳಿದ್ದು ಅದೇ ಮೊದಲು.

ನಂದನ ಗುಡ್ಡದ ಕಡೆ ನೋಡಿದ. "ಹೋಗದೆ ಇದ್ರೆ ಮನೇಲಿ ನನ್ನ ತಲೆ ತಿಂತೀಯ. ಹೋಗು."

ನೆತ್ತಿಯಲ್ಲಿ ಹರ್ಷಿತಾ ಕೈಗವಸು ಬಿಗಿ ಮಾಡಿಕೊಳ್ಳುತ್ತಿದ್ದಳು. "ಆಂಟಿ, ನಿಮ್ಗೆ ಭಯ ಆಗಲ್ವಾ?"

"ಈಗ ಆಗಾಕತ್ತೈತಿ," ಎಂದಳು ಹಂಸಾ ನಿಜವಾಗಿಯೇ.

ಭಯ ದಾರಿಯುದ್ದಕ್ಕೂ ಜೊತೆಗಿತ್ತು. ಹಿಂದೆಂದೂ ಮುಟ್ಟದ ಕಡೆ ಬ್ರೇಕ್ ಮುಟ್ಟಿದಳು. ಪ್ರತಿ ಕಲ್ಲೂ ಬೇರೆಬೇರೆಯಾಗಿ ಕಣ್ಣಿಗೆ ಬಿತ್ತು. ಬಂಡೆಯ ಮೇಲೆ ಬಂದಾಗ ಎಡಗಡೆಯ ದಾರಿ ತೆರೆದೇ ಇತ್ತು, ಹೋದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅವಳು ಉಸಿರು ಬಿಟ್ಟು, ಹಿಂದೆ ವಾಲಿ, ಅಂಚು ದಾಟಿದಳು. ಇಳಿದ ರಭಸಕ್ಕೆ ಒಂದು ಕಾಲು ಪೆಡಲಿನಿಂದ ಜಾರಿತು, ಹ್ಯಾಂಡಲ್ಲು ಹಾವಿನಂತೆ ನುಲಿಯಿತು. ಹೇಗೋ ಸಾವರಿಸಿಕೊಂಡು, ಬುಡ ತಲುಪಿದಳು.

ಹರ್ಷಿತಾ ಗೆದ್ದಳು. ಹಂಸಾಳಿಗಿಂತ ಅರೆಕ್ಷಣದಷ್ಟೇ ಮುಂದಿದ್ದ ಉಷಶ್ರೀ ಎರಡನೆಯವಳು. ಹಂಸಾ ಈ ಸಲವೂ ಕೊನೆಗೇ ಉಳಿದಳು. ಉಷಶ್ರೀ ಓಡಿಬಂದು ಅವಳನ್ನು ಅಪ್ಪಿಕೊಂಡು, ನಗುತ್ತಲೇ ಅತ್ತಳು. "ಜನ್ಮದಲ್ಲಿ ಒಮ್ಮೆ ನಿನ್ನನ್ನು ಸೋಲಿಸಿದೆ! ಇದಕ್ಕೇ ಕರೆಸಿದ್ದು ನಿನ್ನ!"

"ಕಳ್ಳಿ," ಎಂದಳು ಹಂಸಾ ಕನ್ನಡದಲ್ಲಿ. ಉಷಶ್ರೀಗೆ ಅರ್ಥವಾಯಿತು.

ಮಧ್ಯಾಹ್ನದ ರೈಲಿನಲ್ಲಿ ಹರ್ಷಿತಾ ಪದಕ ಕೊರಳಲ್ಲಿಟ್ಟುಕೊಂಡೇ ನಿದ್ದೆ ಹೋದಳು. ಕಿಟಕಿಯಾಚೆ ಗದ್ದೆಗಳು ಓಡುತ್ತಿದ್ದವು. ನಂದನ ಕಡಲೆಕಾಯಿ ಸುಲಿದು ಹೆಂಡತಿಯ ಕೈಗೆ ಹಾಕುತ್ತ ಕೇಳಿದ:

"ಅಷ್ಟು ಎತ್ತರದಿಂದ ಹಾರುವಾಗ ಏನು ಕಾಣಿಸುತ್ತೆ ನಿನಗೆ?"

ಇದನ್ನು ಅವನು ಎಂದೂ ಕೇಳಿರಲಿಲ್ಲ. ಹಂಸಾ ಒಂದು ಕಾಳು ಬಾಯಿಗೆ ಹಾಕಿಕೊಂಡಳು.

"ಮೊದ್ಲೆಲ್ಲ ಏನೂ ಕಾಣ್ತಿದ್ದಿಲ್ಲ. ಇವತ್ತು ಎಲ್ಲಾ ಕಾಣ್ತು. ಅದಕ್ಕ ತಡ ಆತು."

ಅವನು ತಲೆದೂಗಿದ. "ಮುಂದಿನ ರೇಸು ಯಾವಾಗಂತೆ?"

"ಮಳಿಗಾಲ ಮುಗದ ಮ್ಯಾಲ."

"ಬರ್ತೀನಿ. ಆದ್ರೆ ನೋಡಲ್ಲ. ಬುಡದಲ್ಲಿ ಎಲ್ಲಾದ್ರೂ ಟೀ ಕುಡೀತಾ ಕೂತಿರ್ತೀನಿ."

"ಆಗಲಿ," ಎಂದಳು ಹಂಸಾ. "ನನಗೂ ಒಂದು ಹೇಳಿಡು."