ಇಲ್ಲ ಎನ್ನುವ ಸೌಜನ್ಯ

ಕಚೇರಿಯಲ್ಲಿ ಆ ಸಾಹೇಬರಿಗೆ ಬಂಗಾರ ಎಂದು ಅಡ್ಡಹೆಸರು. ಗುಣ ನೋಡಿ ಇಟ್ಟ ಹೆಸರೆಂದು ಯಾರೂ ಮೋಸಹೋಗಬೇಕಾಗಿಲ್ಲ. ಯಾರು ಏನು ಕೇಳಿದರೂ 'ಮಾತು ಬೆಳ್ಳಿ, ಮೌನ ಬಂಗಾರ' ಎಂದು ಗಾದೆ ಉದುರಿಸಿ ಲ್ಯಾಪ್‌ಟಾಪಿನ ಹಿಂದೆ ಮುಖ ಮರೆಸಿಕೊಳ್ಳುತ್ತಿದ್ದರು. ರಜೆ ಕೇಳಿದರೆ ಹಾಂ ಇಲ್ಲ, ಹೂಂ ಇಲ್ಲ. ಮುರಿದ ಕುರ್ಚಿ ಬದಲಿಸಿ ಎಂದರೆ ಬೋರ್ಗಲ್ಲ ಮೇಲೆ ಮಳೆ ಸುರಿದ ಹಾಗೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಜೀವಮಾನವಿಡೀ ಕೋಲನ್ನೇ ಎತ್ತದೆ ಕೂತು ವಿಭಾಗದ ಮುಖ್ಯಸ್ಥರಾದವರು. ಅವರ ಒಂದು ತಪ್ಪನ್ನೂ ಯಾರೂ ಬೊಟ್ಟು ಮಾಡಿ ತೋರಿಸುವಂತಿರಲಿಲ್ಲ. ಏನಾದರೂ ಮಾಡಿದ್ದರೆ ತಾನೆ ತಪ್ಪಾಗುವುದು!

ಅವರ ಕೈಕೆಳಗಿನ ಎಂಜಿನಿಯರಿಗೆ ಅವರನ್ನು ಕಂಡರೆ ಮೈಯೆಲ್ಲ ಉರಿ. ವರ್ಗಾವಣೆ ಕೇಳಿ ಅವಳು ಅರ್ಜಿ ಕೊಟ್ಟದ್ದು ಬೇಸಿಗೆಯಲ್ಲಿ. ಈಗ ಸ್ವೆಟರು ಹಾಕಿಕೊಂಡು ಕೂರುವ ಕಾಲ. ಗಂಡನಿಗೆ ಬೇರೆ ಊರಿನಲ್ಲಿ ಕೆಲಸವಾಗಿ ಅವನು, ಅತ್ತೆ, ನಾಲ್ಕು ವರ್ಷದ ಪುಟ್ಟಿ ಮೂವರೂ ಅಲ್ಲಿದ್ದರು. ಅಲ್ಲೂ ಕಂಪನಿಯ ಶಾಖೆಯಿತ್ತು, ಖಾಲಿ ಜಾಗವೂ ಇತ್ತು. ಬೇಕಾಗಿದ್ದದ್ದು ಬಂಗಾರದ ಬಾಯಿಂದ ಒಂದು ಮಾತು. ಆಗುವುದಿಲ್ಲ ಎಂದುಬಿಟ್ಟಿದ್ದರೆ ಅವಳು ಆ ಊರಿನಲ್ಲೇ ಬೇರೆ ಕೆಲಸ ನೋಡಿಕೊಳ್ಳುತ್ತಿದ್ದಳು. ಅದನ್ನೂ ಹೇಳಲಿಲ್ಲ ಪುಣ್ಯಾತ್ಮ.

ಸಂಜೆಯಾದರೆ ಫೋನಿನಲ್ಲಿ ಪುಟ್ಟಿಯದು ಒಂದೇ ಪ್ರಶ್ನೆ. "ಅಮ್ಮಾ, ಈ ಶನಿವಾರ ಬರ್ತೀಯಾ?"

"ನೋಡೋಣ ಪುಟ್ಟಿ."

ಒಂದು ದಿನ ಅತ್ತೆ ಫೋನು ಕಸಿದುಕೊಂಡರು. "ಏನಮ್ಮಾ ಅದು ನೋಡೋಣ? ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ! ಬರಲ್ಲ ಅಂದ್ರೆ ಅದು ಅತ್ತು ಸುಮ್ಮನಾಗುತ್ತೆ. ನೀನು ನೋಡೋಣ ಅಂತೀಯ, ಇದು ಶನಿವಾರ ಇಡೀ ಹೊಸ್ತಿಲ ಹತ್ರ ಕೂತಿರುತ್ತೆ. ಈ ಚಳೀಲಿ ಬಾಗಿಲು ಹಾಕೋಕೂ ಬಿಡಲ್ಲ."

"ಮಗೂನ ಅಳಿಸು ಅಂತೀರಾ ಅತ್ತೆ?" ಎಂದು ಸಿಡುಕಿ ಅವಳು ಫೋನಿಟ್ಟಳು. ಹಿರಿಯರಿಗೆ ಮಕ್ಕಳ ಮನಸ್ಸು ತಿಳಿಯುವುದಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಅವಳ ಕೆಲಸವೂ ಒಂದು ರೀತಿಯಲ್ಲಿ ಬಾಗಿಲು ಕಾಯುವುದೇ. ನಗರದ ಆಂಬುಲೆನ್ಸುಗಳಲ್ಲೆಲ್ಲ ಒಂದೊಂದು ಟ್ಯಾಬ್ಲೆಟ್. ಯಾವ ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿಯಿದೆ ಎಂದು ಅದು ಇವರ ಕಂಪನಿಯ ಸರ್ವರುಗಳನ್ನು ಕೇಳುತ್ತದೆ. ಸರ್ವರಿಗೆ ಬರುವ ಮಾಹಿತಿಯ ಪ್ರತಿಯೊಂದು ಪ್ಯಾಕೆಟ್ಟೂ ಮೊದಲು ಕರ್ನಲ್ಲನ್ನು, ಅಂದರೆ ಆ ಯಂತ್ರದ ವ್ಯವಸ್ಥೆಯ ತಿರುಳನ್ನು, ಹಾಯಬೇಕು. ಅವಳು ಬರೆದ ಪುಟ್ಟ ಫಿಲ್ಟರ್ ಪ್ರೋಗ್ರಾಮು ಕೂತಿದ್ದದ್ದು ಅಲ್ಲಿ. ಅದಕ್ಕೆ ಗೊತ್ತಿದ್ದದ್ದು ಎರಡೇ: ಒಳಗೆ ಬಿಡು, ಇಲ್ಲವೇ ಬಿಸಾಡು. ಬಿಸಾಡಿದರೆ ಕಳಿಸಿದವರಿಗೆ ಸುದ್ದಿಯೇ ಇಲ್ಲ. ಇದಕ್ಕೆ ಬಂಗಾರ ಭದ್ರತೆ ಎಂದು ಹೆಸರಿಟ್ಟಿದ್ದರು.

ಹಳೆಯ ಸರ್ವರಿನ ಕೆಲಸ ನಿಲ್ಲಿಸಿ ಅದರಲ್ಲಿ ಫಿಲ್ಟರನ್ನಷ್ಟೇ ಕಾವಲಿಗೆ ಬಿಟ್ಟ ಮೇಲೆ ಈ ಭದ್ರತೆಯ ಬಣ್ಣ ಬಯಲಾಯಿತು. ಹಳೆಯ ಟ್ಯಾಬ್ಲೆಟ್ಟುಗಳು ರೂಢಿಯಂತೆ ಮೊದಲು ಅದನ್ನೇ ಕೇಳುತ್ತವೆ. ಇಲ್ಲ ಎಂದರೆ ತಕ್ಷಣ ಹೊಸ ಸರ್ವರಿನ ಬಾಗಿಲಿಗೆ ಹೋಗುತ್ತವೆ. ಸುಮ್ಮನಿದ್ದರೆ, ಪಾಪ, ಮತ್ತೆ ಕೇಳುತ್ತವೆ, ಮತ್ತೆ ಕಾಯುತ್ತವೆ. ಆಂಬುಲೆನ್ಸಿನ ಚಾಲಕನೊಬ್ಬ ಸಮವಸ್ತ್ರದಲ್ಲೇ ಮಹಡಿ ಹತ್ತಿ ಬಂದು ಅವಳ ಮೇಜಿನ ಮೇಲೆ ಟ್ಯಾಬ್ಲೆಟ್ ಕುಕ್ಕಿದ.

"ನೋಡಿ ಮೇಡಂ, ಚಕ್ರ ತಿರುಗ್ತಾನೇ ಇದೆ. ಹಿಂದೆ ಮುದುಕಪ್ಪ ಉಸಿರಿಗೆ ಒದ್ದಾಡ್ತಿದ್ರೆ ನಾನು ಸಿಗ್ನಲ್ ಹತ್ರ ನಿಂತು ಈ ಚಕ್ರ ನೋಡ್ಕೊಂಡಿರ್ಬೇಕಾ? ಆಗಲ್ಲ ಅನ್ನೋಕೆ ಏನ್ ರೋಗ ನಿಮ್ಮ ಮಿಷಿನ್ನಿಗೆ?"

ಮಿಷಿನ್ನಿಗೆ ರೋಗವಿರಲಿಲ್ಲ, ರೋಗ ಬಂಗಾರದ ಗಾಜಿನ ಕೋಣೆಯಲ್ಲಿ ಕೂತಿತ್ತು. ಕರ್ನಲ್ಲಿನ ಹೊಸ ಆವೃತ್ತಿಯಲ್ಲಿ ಫಿಲ್ಟರಿನೊಳಗಿಂದಲೇ 'ಇಲ್ಲಿ ಪ್ರವೇಶವಿಲ್ಲ' ಎಂಬ ದೋಷಸಂದೇಶ ಕಳಿಸುವ ಸೌಕರ್ಯ ಬಂದಿತ್ತು. ಬಿಸಾಡುವ ಮುನ್ನ ಒಂದು ಮಾತು ಹೇಳಿ ಬಿಸಾಡುವುದು, ಅಷ್ಟೆ. ಅವಳು ಬರೆದುಕೊಂಡು ಹೋಗಿ ತೋರಿಸಿದಳು.

"ಉತ್ತರ ಕೊಟ್ರೆ ನಾವಿದ್ದೀವಿ ಅಂತ ಕಳ್ಳನಿಗೂ ಗೊತ್ತಾಗುತ್ತಲ್ಲ," ಎಂದರು ಬಂಗಾರ.

"ಕಳ್ಳರಿಗೆ ಬೇಡ ಸರ್. ನಮ್ಮ ಆಂಬುಲೆನ್ಸುಗಳಿಗೆ ಮಾತ್ರ."

ಬಂಗಾರ ಸೀಲಿಂಗು ನೋಡಿದರು, ಉಗುರು ನೋಡಿಕೊಂಡರು. ಒಪ್ಪಿದೆ ಎನ್ನಲಿಲ್ಲ, ಒಪ್ಪಲಿಲ್ಲ ಎನ್ನಲಿಲ್ಲ. ಕಡೆಗೆ, "ಏನೇ ಹೊರಗೆ ಹೋದ್ರೂ ಫಿಲ್ಟರ್ ದಾಟಿ ಹೋಗ್ಲಿ. ನಾಳೆ ಯಾರಾದ್ರೂ ಕೇಳಿದ್ರೆ ನಂಗ್ಯಾಕೆ ತಲೆನೋವು," ಎಂದರು.

ಇಂಥ ಮಾತಿಗೆ ತಲೆಯಾಡಿಸಿ ಬಂದಳಲ್ಲ, ಅದು ಅವಳ ದಡ್ಡತನ. ವರ್ಗಾವಣೆಯ ಆಸೆ ಮನುಷ್ಯರನ್ನು ಎಷ್ಟು ಮೆತ್ತಗೆ ಮಾಡುತ್ತದೆ! ಅದೇ ಫಿಲ್ಟರನ್ನು, ಸಂದೇಶಗಳು ಆಚೆ ಹೋಗುವ ಹೊರಬಾಗಿಲಿಗೂ ತಗುಲಿಸಿ ಪರೀಕ್ಷೆಯ ಯಂತ್ರದಲ್ಲಿ ಓಡಿಸಿದಳು. ಫಿಲ್ಟರು ಇಲ್ಲ ಎಂಬ ಸಂದೇಶ ಕಳಿಸಿತು. ಆ ಸಂದೇಶ ಹೊರಬಾಗಿಲಿಗೆ ಬಂತು. ಅದರ ಹೆಸರು ಅನುಮತಿಯ ಪಟ್ಟಿಯಲ್ಲಿಲ್ಲವೆಂದು ಫಿಲ್ಟರು ಅದನ್ನೂ ತಡೆಯಿತು; ತಡೆದದ್ದಕ್ಕೆ ಇನ್ನೊಂದು ಸಂದೇಶ ಬರೆಯಿತು; ಅದನ್ನೂ ತಡೆಯಿತು. ಯಂತ್ರ ಗೊರಗೊರ ಎಂದು ಫ್ಯಾನು ತಿರುಗಿಸಿ ಕಲ್ಲಾಗಿ ಕೂತಿತು.

ಪಕ್ಕದ ಮೇಜಿನ ಸಹೋದ್ಯೋಗಿ ಹೊಟ್ಟೆ ಹಿಡಿದುಕೊಂಡು ನಕ್ಕ. "ದೋಷದ ಸುದ್ದಿಗೆ ದೋಷದ ಸುದ್ದೀಲಿ ಉತ್ತರ ಕೊಡಬಾರ್ದು ಅಂತ ಅಜ್ಜನ ಕಾಲದ ನಿಯಮ ಅಲ್ವೇನ್ರೀ! ಮರೆತೇಬಿಟ್ರಾ?"

ಮರೆತಿರಲಿಲ್ಲ. ಬಂಗಾರದ ಮಾತು ಕೇಳಿದ್ದಳು, ಅದು ಮರೆವಿಗಿಂತ ಕಡೆ. ತನ್ನ ಬಗ್ಗೆಯೇ ಹೇಸಿಗೆಪಟ್ಟುಕೊಂಡು ಹೊರಬಾಗಿಲಿನ ಕಾವಲು ಕಿತ್ತು ಹಾಕಿದಳು, ಯಾರನ್ನೂ ಕೇಳದೆ. ಹೇಗೂ ಕೇಳಿದರೆ ಉತ್ತರ ಬರುತ್ತಿರಲಿಲ್ಲ. ಮೌನಂ ಸಮ್ಮತಿ ಲಕ್ಷಣಂ ಎಂದುಕೊಂಡು ಆ ವಾರವೇ ಅದನ್ನು ನಿಜವಾದ ಸರ್ವರಿಗೆ ಹಾಕಿದಳು.

ಚಾಲಕ ಫೋನು ಮಾಡಿದ. "ಈಗ ಸರಿ ಹೋಯ್ತು ಮೇಡಂ. ಮುಖಕ್ಕೆ ಹೊಡೆದ ಹಾಗೆ ಇಲ್ಲ ಅನ್ನುತ್ತೆ, ಕಣ್ಣು ಮುಚ್ಚಿ ತೆರೆಯೋದ್ರಲ್ಲಿ ಇನ್ನೊಂದು ಕಡೆಯಿಂದ ಆಸ್ಪತ್ರೆ ಹೆಸರು ಬರುತ್ತೆ."

ಮುಂದಿನ ಶನಿವಾರ ಕಂಪನಿಯ ದೊಡ್ಡವರು ಬಂದರು. ಸಭೆ ಸೇರಿತು. ಬಂಗಾರಕ್ಕೆ ಅಂದು ಎಲ್ಲಿಂದಲೋ ಬಾಯಿ ಬಂದಿತ್ತು. "ನಮ್ಮ ವ್ಯವಸ್ಥೆ ಈಗ ಯಾರನ್ನೂ ಕಾಯಿಸೋದಿಲ್ಲ. ಆಗದಿದ್ರೆ ಆಗಲ್ಲ ಅಂತ ತಕ್ಷಣ ಹೇಳುತ್ತೆ. ಇದು ನಮ್ಮ ವಿಭಾಗದ ನೀತಿ," ಎಂದು ಎದೆ ಸೆಟೆಸಿ ನುಡಿದರು. ಕಂಡವರ ಮನೆಯ ದೀಪದಲ್ಲಿ ತಮ್ಮ ಮುಖ ಬೆಳಗಿಸಿಕೊಳ್ಳುವುದಕ್ಕೂ ಒಂದು ಮಿತಿ ಬೇಡವೇ?

ಅವಳು ಎದ್ದು ನಿಂತಳು. "ಹಾಗಾದ್ರೆ ಸರ್, ನನ್ನ ವರ್ಗಾವಣೆ ಅರ್ಜಿಗೂ ಒಂದು ಉತ್ತರ ಕೊಟ್ಟುಬಿಡಿ. ಆಗುತ್ತೆ ಅನ್ನಿ, ಇಲ್ಲ ಆಗಲ್ಲ ಅನ್ನಿ. ಎರಡೂ ನಡೆಯುತ್ತೆ."

ಕೋಣೆಯಲ್ಲಿ ಯಾರದೋ ಪೆನ್ನು ಕೆಳಗೆ ಬಿತ್ತು. ದೊಡ್ಡವರು ಬಂಗಾರದ ಕಡೆ ತಿರುಗಿದರು. ಬಂಗಾರ ಸೀಲಿಂಗು ನೋಡಿದರು, ಉಗುರು ನೋಡಿಕೊಂಡರು, ಕಡೆಗೆ ಬಲು ಮೆತ್ತಗೆ ಬಾಯಿಬಿಟ್ಟರು.

"ನೋಡೋಣಮ್ಮ."

ಅವಳಿಗೆ ಕೆನ್ನೆಗೆ ಬಾರಿಸಿದಂತಾಯಿತು. ಅವರ ಹೇಡಿತನ ಅವಳಿಗೆ ಹೊಸದಲ್ಲ. ಆದರೆ ಆ ಮಾತು, ಆ ಮೆತ್ತನೆಯ ದನಿ ತನ್ನದೇ. ದಿನಾ ಸಂಜೆ ಫೋನಿನಲ್ಲಿ ತಾನು ಆಡುವಂಥದೇ. ಇಷ್ಟು ದಿನ ಯಾರನ್ನು ಹೊಲಸಿನಂತೆ ಕಂಡಳೋ ಅವರ ಬಾಯನ್ನೇ ಕಡ ತಂದು ಮಗಳ ಜೊತೆ ಮಾತಾಡಿದ್ದಳು.

ಮೇಜಿಗೆ ಬಂದು ರಾಜೀನಾಮೆ ಬರೆದು ಕಳಿಸಿದಳು. ಒಂದು ತಿಂಗಳ ನೋಟಿಸು, ಉತ್ತರದ ಅಗತ್ಯವಿಲ್ಲ ಎಂದಷ್ಟೇ ಇತ್ತು ಅದರಲ್ಲಿ. ಗಾಜಿನ ಕೋಣೆಯಿಂದ ಉತ್ತರ ಬರಲೂ ಇಲ್ಲ. ಆಮೇಲೆ ಮೆಟ್ಟಿಲ ಬಳಿ ಹೋಗಿ ಊರಿಗೆ ಫೋನು ಮಾಡಿದಳು. ಆ ಕಡೆ ಗಾಳಿಯ ಸದ್ದು ಕೇಳಿಸುತ್ತಿತ್ತು. ಬಾಗಿಲು ತೆರೆದಿತ್ತು ಅಂತ ಕಾಣುತ್ತದೆ.

"ಅಮ್ಮಾ, ಇವತ್ತು ಶನಿವಾರ. ಬರ್ತೀಯಾ?"

"ಇಲ್ಲ ಪುಟ್ಟಿ. ಇವತ್ತು ಬರಲ್ಲ. ಮುಂದಿನ ಶನಿವಾರಾನೂ ಬರಲ್ಲ. ಇಲ್ಲಿನ ಕೆಲಸ ಒಂದು ತಿಂಗಳಲ್ಲಿ ಮುಗಿಯುತ್ತೆ, ಆಮೇಲೆ ಬರ್ತೀನಿ. ಬಂದ್ಮೇಲೆ ವಾಪಸ್ ಹೋಗಲ್ಲ."

ಮಗು ಅತ್ತಿತು. ಗಂಟಲು ಹರಿಯುವ ಹಾಗೆ ಅತ್ತಿತು. ಅವಳು ಫೋನಿಡಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಗೋಡೆಗೆ ಹಣೆಯಾನಿಸಿ ಪೂರ್ತಿ ಕೇಳಿಸಿಕೊಂಡಳು. ಅಳು ಬಿಕ್ಕಾಯಿತು, ಬಿಕ್ಕು ಮೂಗೆಳೆಯುವುದಕ್ಕೆ ಇಳಿಯಿತು. ಆಮೇಲೆ ಪುಟ್ಟ ಹೆಜ್ಜೆಗಳು ಒಳಗೆ ಹೋದ ಸದ್ದು, ದೂರದಿಂದ ಆ ಪುಟ್ಟ ದನಿ.

"ಅಜ್ಜೀ, ಅಮ್ಮ ಇವತ್ತು ಬರಲ್ವಂತೆ. ಬಾಗಿಲು ಹಾಕು, ಚಳಿ."